ಮೂರು ಹಗ್ಗ, ಹದಿನಾಲ್ಕು ಗುಣಿ

ಗಣಿತದ ವಾರದ ಟಿಪ್ಪಣಿಯಲ್ಲಿ ಪ್ರೌಢಶಾಲೆಯ ಮಕ್ಕಳ ಕೈಗೆ ಸುಲಭವಾಗಿ ಸಿಗುವ ಪದ ‘ಅರ್ಥವಾಯಿತು’. ಆ ಪದಕ್ಕೆ ಎಷ್ಟು ತೂಕ ಎಂಬುದು ಈ ಸಂವಾದದ ವಿಷಯ. ಜಾಗ, ತುಮಕೂರು–ಕುಣಿಗಲ್ ರಸ್ತೆಯ ಹೆಬ್ಬೂರಿನಲ್ಲಿ ಹೊಸದಾಗಿ ತೆಂಗು ಇಡಲು ಹದಮಾಡಿದ ಒಂದು ಹೊಲ. ಮಾತಾಡುವವರು ಹತ್ತನೇ ತರಗತಿಯ ವಿದ್ಯಾರ್ಥಿನಿ, ಅವಳ ಅಜ್ಜ ಮತ್ತು ಗಣಿತದ ಮೇಷ್ಟ್ರು.

ಟಿಪ್ಪಣಿ ಹೀಗಿದೆ: ಸಸಿಯಿಂದ ಸಸಿಗೆ 30 ಅಡಿ ಬಿಟ್ಟು ತ್ರಿಕೋನದಲ್ಲಿ ನೆಟ್ಟರೆ ಸಾಲುಗಳ ನಡುವೆ 30 ಅಡಿ ಬೇಕಿಲ್ಲ. ಪೈಥಾಗೊರಸ್ ಪ್ರಮೇಯದಂತೆ 15ನ್ನು ಮೂರರ ವರ್ಗಮೂಲದಿಂದ ಗುಣಿಸಿದಷ್ಟು, ಸುಮಾರು 25.98 ಅಡಿ, ಸಾಕು. ಚೌಕಕ್ಕಿಂತ ಶೇ 15ರಷ್ಟು ಹೆಚ್ಚು ಸಸಿ ಹಿಡಿಯುತ್ತವೆ. ಅರ್ಥವಾಯಿತು.

ಅಜ್ಜ: ನಾವು ವರ್ಗಮೂಲ ಕಂಡವರಲ್ಲ. ಮೂವತ್ತಡಿ ಹಗ್ಗ ಮೂರು ತಗೊಂಡು ಮೂರು ಕಡೆ ಬಿಗಿಯಾಗಿ ಎಳದ್ರೆ ಗುಣಿ ಎಲ್ಲಿ ತೆಗೀಬೇಕು ಅನ್ನೋದು ತಾನೇ ಗೊತ್ತಾಗ್ತೈತೆ.

ವಿದ್ಯಾರ್ಥಿನಿ: ಹಾಗಾದರೆ ನಿಮಗೂ ಗೊತ್ತು, ನನಗೂ ಗೊತ್ತು.

ಮೇಷ್ಟ್ರು: ಎರಡೂ ಒಂದೇ ತಿಳಿವಳಿಕೆಯೆ? ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಕ್ಷೇತ್ರದ ಲೆಕ್ಕವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡಾಗಿ ಬೇರ್ಪಡಿಸಿದ. ಹಗ್ಗ ಯಾವುದು, ವರ್ಗಮೂಲ ಯಾವುದು?

ವಿದ್ಯಾರ್ಥಿನಿ: ಹಗ್ಗ ವ್ಯಾವಹಾರಿಕ. ನನ್ನದು ಸೂಕ್ಷ್ಮ.

ಅಜ್ಜ: ಸೂಕ್ಷ್ಮವಾಗೇ ಎಣಿಸು. ಈ ತುಂಡು ಆ ಕಡೆ ತೊಂಬತ್ತಡಿ, ಈ ಕಡೆ ತೊಂಬತ್ತಡಿ. ಬದುವಿನ ಮೇಲೂ ಇಡಬಹುದು ಅಂದ್ಕೊ.

ಅವಳು ನೆಲದ ಮೇಲೆ ಗೀಚಿ ಎಣಿಸುತ್ತಾಳೆ. ಚೌಕದಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕು: 16. ತ್ರಿಕೋನದಲ್ಲೂ ನಾಲ್ಕೇ ಸಾಲು. ಐದನೆಯದಕ್ಕೆ 104 ಅಡಿ ಬೇಕು. ಒಂದು ಸಾಲಿಗೆ ನಾಲ್ಕಾದರೆ ಮುಂದಿನದರಲ್ಲಿ ಮೂರೇ: ಒಟ್ಟು 14.

ವಿದ್ಯಾರ್ಥಿನಿ: ಎರಡು ಕಮ್ಮಿ! ಪ್ರಮೇಯ ತಪ್ಪಾಯಿತೆ?

ಮೇಷ್ಟ್ರು: 25.98 ಎಲ್ಲಿ ತಪ್ಪಿತು, ತೋರಿಸು.

ವಿದ್ಯಾರ್ಥಿನಿ: ಅದು ತಪ್ಪಿಲ್ಲ. ಶೇ 15 ಬದುವೇ ಇಲ್ಲದ ಹೊಲದ ಲೆಕ್ಕ. ಇಲ್ಲಿ ಸಾಲು ಬಿಟ್ಟು ಸಾಲಿನ ತುದಿಯಲ್ಲಿ ಅರ್ಧರ್ಧ ಜಾಗ ಪೋಲಾಗುತ್ತಿದೆ.

ಸಂವಾದದ ತಿರುಳು ಈ ಉತ್ತರದಲ್ಲಿದೆ. ಸೂತ್ರ ಬಂದದ್ದು ಒಂದು ತಿಳಿವಳಿಕೆ. ಅದರ ಬದು ಎಲ್ಲಿದೆ ಎಂದು ಕಂಡದ್ದು ಇನ್ನೊಂದು. ಅಂಕಪಟ್ಟಿ ಮೊದಲನೆಯದನ್ನು ಅಳೆಯುತ್ತದೆ, ಎರಡನೆಯದನ್ನು ಅಳೆಯುವುದು ಅಪರೂಪ. ಹಗ್ಗವೂ ಇದನ್ನು ಹೇಳಲಾರದು. ಗುಣಿ ತೋಡಿ ಎಣಿಸಿದ ಮೇಲಷ್ಟೇ ಅಜ್ಜನಿಗೂ ಗೊತ್ತಾದೀತು.

ಮೇಷ್ಟ್ರು: ಹಾಗಾದರೆ ತ್ರಿಕೋನ ಯಾವಾಗ ಗೆಲ್ಲುತ್ತದೆ?

ಅವಳು ಚೌಕದ ಅಂಚನ್ನು ಮೂವತ್ತು ಮೂವತ್ತು ಅಡಿಯಂತೆ ಬೆಳೆಸುತ್ತಾಳೆ. 180 ಅಡಿಯಲ್ಲೂ ಸೋಲು: 49ಕ್ಕೆ 46. 210 ಅಡಿಯಲ್ಲಿ ಒಂದು ಸಾಲು ಹೆಚ್ಚಿಗೆ ಒಳಸೇರಿ 64ಕ್ಕೆ 68. 300 ಅಡಿಯಲ್ಲಿ 121ಕ್ಕೆ 126. 600 ಅಡಿಯಲ್ಲಿ 441ಕ್ಕೆ 492, ಅಂದರೆ ಶೇ 11ಕ್ಕೂ ಹೆಚ್ಚು ಲಾಭ. ನಡುವೆ ಏರಿಳಿತವಿದ್ದರೂ ಹೊಲ ಬಹಳ ದೊಡ್ಡದಾದಂತೆ ಶೇ 15 ಹತ್ತಿರವಾಗುತ್ತದೆ.

ಅಜ್ಜ: ಇನ್ನೂರ ಹತ್ತಡಿ ಚೌಕ ಅಂದ್ರೆ ಎಕರೆ ಮೇಲೆ ಅರ್ಧ ಗುಂಟೆ. ಆದ್ರೆ ಚಚ್ಚೌಕದ ಹೊಲ ಈ ಕಡೆ ಯಾರದೈತೆ?

ವಿದ್ಯಾರ್ಥಿನಿ ‘ಅರ್ಥವಾಯಿತು’ ಎಂಬುದನ್ನು ಹೊಡೆದು, ಅಜ್ಜನ ಪ್ರಶ್ನೆಯನ್ನು ಮುಂದಿನ ವಾರದ ಪುಟಕ್ಕೆ ಬರೆದುಕೊಳ್ಳುತ್ತಾಳೆ.