ಹಿಡಿದಿದ್ದೇವೆ ಎಂಬ ಸುಳ್ಳು

ಸೈಕಲ್ ಕಲಿತ ಪ್ರತಿಯೊಬ್ಬರ ಬೆನ್ನ ಹಿಂದೆ ಒಬ್ಬ ಸುಳ್ಳುಗಾರ ಇದ್ದೇ ಇರುತ್ತಾನೆ. ಅಣ್ಣನೋ ಅಪ್ಪನೋ ಗೆಳೆಯನೋ ಸೀಟಿನ ಹಿಂಭಾಗ ಹಿಡಿದು ಏದುಸಿರು ಬಿಡುತ್ತ ಓಡಿ ಬರುತ್ತಾನೆ. "ಹಿಡದೀನಿ, ತುಳಿ ತುಳಿ" ಎಂದು ಕೂಗುತ್ತಿರುತ್ತಾನೆ. ಯಾವುದೋ ಗಳಿಗೆಯಲ್ಲಿ ಕೈ ಬಿಡುತ್ತಾನೆ, ಕೂಗುವುದನ್ನು ಮಾತ್ರ ಬಿಡುವುದಿಲ್ಲ. ನಾವು ಹೀಗೆಯೇ ಕಲಿತೆವು, ಹೀಗೆಯೇ ಕಲಿಸಿದೆವು. ಇದಕ್ಕಾಗಿ ಯಾರೂ ಯಾರನ್ನೂ ಸುಳ್ಳುಗಾರನೆಂದು ದೂರಿದ್ದಿಲ್ಲ. ಆದರೂ ಅದು ಸುಳ್ಳೇ ತಾನೆ?

ನಮ್ಮ ಗಜೇಂದ್ರಗಡ ಆಗ ಧಾರವಾಡ ಜಿಲ್ಲೆಯ ರೋಣ ತಾಲೂಕಿನಲ್ಲಿತ್ತು. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಗಜೇಂದ್ರಗಡವೇ ತಾಲೂಕಾದದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಈಗ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು ಆಗಿರಲಿಲ್ಲ. ಮೇಲೆ ಕೋಟೆ, ಕೆಳಗೆ ನೇಕಾರರ ಓಣಿಗಳಲ್ಲಿ ದಿನವಿಡೀ ಮಗ್ಗದ ಸಪ್ಪಳ. ಇತಿಹಾಸದ ಪುಸ್ತಕದಲ್ಲಿ ಈ ಊರಿಗೆ ಒಂದು ಸಾಲು ಸಿಕ್ಕಿರುವುದು ಕೊಟ್ಟ ಮಾತಿನ ಕಾರಣಕ್ಕೆ. 1787ರಲ್ಲಿ ಮರಾಠರೂ ಟಿಪ್ಪು ಸುಲ್ತಾನನೂ ಒಪ್ಪಂದ ಮಾಡಿಕೊಂಡದ್ದು ಇಲ್ಲಿಯೇ. ಮೂರೇ ವರ್ಷಕ್ಕೆ, 1790ರಲ್ಲಿ, ಮರಾಠರು ಟಿಪ್ಪುವಿನ ವಿರುದ್ಧ ಇಂಗ್ಲಿಷರ ಜೊತೆ ಸೇರಿದರು. ದೊಡ್ಡವರ ಮಾತಿನ ಆಯುಷ್ಯ ಅಷ್ಟು. ಇರಲಿ.

ಬಾಡಿಗೆ ಸೈಕಲ್ಲುಗಳೆಲ್ಲ ದೊಡ್ಡವರ ಸೈಕಲ್ಲುಗಳು. ಸೀಟಿನ ಮೇಲೆ ಕೂತರೆ ನಮ್ಮ ಕಾಲು ಪೆಡಲಿಗೂ ಎಟುಕುತ್ತಿರಲಿಲ್ಲ, ನೆಲದ ಮಾತು ದೂರ. ಮೊದಲು ದಂಡದ ಕೆಳಗಿನ ಸಂದಿಯೊಳಗಿಂದ ಕಾಲು ತೂರಿಸಿ ಕತ್ರಿ ಹೊಡೆಯುವುದು, ಆಮೇಲೆ ದಂಡದ ಮೇಲೆ, ಕೊನೆಗೆ ಸೀಟು. ನಾವು ಅಣ್ಣತಮ್ಮಂದಿರಿಬ್ಬರೂ ಕಲಿತ ಮೇಲೆ ನಮ್ಮ ತಂಗಿ ಹಟ ಹಿಡಿದಳು. ಜನರ ಕಣ್ಣಿಗೆ ಬೀಳದಿರಲೆಂದು ನಸುಕಿನಲ್ಲೇ ಎದ್ದು ಬಯಲಿಗೆ ಹೋಗುತ್ತಿದ್ದೆವು. ಆರನೆಯ ದಿನವೋ ಏಳನೆಯ ದಿನವೋ ಕೈ ಬಿಟ್ಟೆವು. "ಹಿಡದೀವಿ, ತುಳಿ" ಎಂದು ನಿಂತಲ್ಲಿಂದಲೇ ಕೂಗಿದೆವು. ಅವಳು ಬಯಲಿನ ಆ ತುದಿಯವರೆಗೆ ಹೋದಳು.

ಶಾಲೆಯಲ್ಲಿ ನಾವು ಪುಣ್ಯಕೋಟಿಯ ಹಾಡು ಹಾಡಿ ಬೆಳೆದವರು. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ತಾನೇ ನಡೆದು ಹೋದ ಹಸುವಿನ ಕತೆ ಅದು. ಆ ಹಸುವಿನ ಮುಂದೆ ನಮ್ಮ ಕೂಗನ್ನು ಹೇಗೆ ಸಮರ್ಥಿಸಿಕೊಳ್ಳುವುದು? ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ ಒಂದು ಲೇಖನದಲ್ಲಿ, ಗೆಳೆಯನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಎಂದ. ಅವನಿಗಿಂತ ಏಳು ಶತಮಾನ ಹಿಂದಿನ ಇಮಾಮ್ ಗಝಾಲಿ ಇಷ್ಟು ಬಿಗಿ ಮಾಡಲಿಲ್ಲ. ಮಾತು ಗುರಿ ಮುಟ್ಟುವ ಸಾಧನ. ಒಳ್ಳೆಯ ಗುರಿಯನ್ನು ಸತ್ಯದಿಂದಲೂ ಮುಟ್ಟಬಹುದಾದರೆ ಸುಳ್ಳು ನಿಷಿದ್ಧ, ಸುಳ್ಳಿನಿಂದ ಮಾತ್ರ ಸಾಧ್ಯವಾದರೆ ಅದಕ್ಕೆ ಅನುಮತಿಯುಂಟು ಎಂಬುದು ಇಹ್ಯಾದಲ್ಲಿ ಅವರ ನಿಲುವು. ಒಮ್ಮೆ ಈ ಬಾಗಿಲು ತೆರೆದರೆ ಮನುಷ್ಯ ಅಗತ್ಯವಿಲ್ಲದಲ್ಲಿಯೂ ನುಗ್ಗುತ್ತಾನೆಂಬ ಎಚ್ಚರಿಕೆಯೂ ಜೊತೆಗಿದೆ.

ಹಾಗಾದರೆ ಸೈಕಲ್ಲನ್ನು ಸತ್ಯ ಹೇಳಿ ಕಲಿಸಲು ಬರುವುದಿಲ್ಲವೇ? ಎಡಕ್ಕೆ ವಾಲಿದರೆ ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು, ಆಗ ಗಾಲಿ ಮೈಯ ಕೆಳಗೆ ಬಂದು ಸೈಕಲ್ ಎದ್ದು ನಿಲ್ಲುತ್ತದೆ. ಇದು ಸತ್ಯ. ಆದರೆ ಇದನ್ನು ಕೇಳಿ ಸೈಕಲ್ ಕಲಿತವನನ್ನು ನಾವು ನೋಡಿಲ್ಲ. ಕಲಿತವರಲ್ಲಿ ಇದನ್ನು ಬಲ್ಲವರೂ ಕಡಿಮೆ. ಆರೋಗ್ಯದ ಲಕ್ಷಣ ತಿಳಿದಿರುವುದು ಬೇರೆ, ಆರೋಗ್ಯವಾಗಿರುವುದು ಬೇರೆ ಎಂದು ಗಝಾಲಿ ತಮ್ಮ ಆತ್ಮಕಥನದಲ್ಲಿ ಹೇಳಿದ್ದು ಸೂಫಿಗಳ ಅನುಭವದ ಬಗ್ಗೆ. ಅದು ಸೈಕಲ್ಲಿಗೂ ಒಪ್ಪುತ್ತದೆ. ಹಿಂದೆ ಕೈ ಇರುವ ತನಕ ಸೈಕಲ್ಲನ್ನು ನೇರ ಮಾಡುವುದು ಆ ಕೈಯೇ, ಕೂತವನ ಮೈಗೆ ಏನೂ ತಿಳಿಯುವುದಿಲ್ಲ. ಕೈ ಬಿಟ್ಟದ್ದು ಗೊತ್ತಾದರೆ ಹೆದರಿಕೆಯಿಂದ ತೋಳು ಸೆಟೆದುಕೊಳ್ಳುತ್ತದೆ. ಬಿಡಲೂ ಬೇಕು, ಬಿಟ್ಟದ್ದು ತಿಳಿಯಲೂ ಬಾರದು.

ಆದರೆ 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಮೊದಲ ಎರಡು ಗಾಲಿಯ ಬಂಡಿಗೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದೆಯುತ್ತ ಹೋಗುವುದು. ಈಗ ಪಟ್ಟಣದ ಚಿಕ್ಕ ಮಕ್ಕಳಿಗೆ ಅಂಥದೇ ಸೈಕಲ್ ಕೊಡಿಸುತ್ತಾರೆ. ಕಾಲು ನೆಲಕ್ಕೆ ಎಟುಕುತ್ತದೆ, ಯಾರೂ ಹಿಡಿಯಬೇಕಿಲ್ಲ, ಸುಳ್ಳೂ ಬೇಕಿಲ್ಲ. ನಮ್ಮ ಸುಳ್ಳಿಗೆ ಅರ್ಧ ಕಾರಣ ಬಾಡಿಗೆ ಸೈಕಲ್ಲಿನ ಎತ್ತರವೇ ಆಗಿತ್ತು. ಬಡವರ ಎಷ್ಟು ಸುಳ್ಳುಗಳು ಇಂಥವೋ!

ಯಾರೂ ಹಿಡಿಯಲಾಗದ ಸೈಕಲ್ಲೂ ಒಂದಿದೆ. ಒಂದು ಬೇಸಗೆಯಲ್ಲಿ ನಮ್ಮೂರಿಗೆ ಸಣ್ಣ ಸರ್ಕಸ್ ಬಂದಿತ್ತು. ಅದರಲ್ಲಿ ನಮ್ಮದೇ ವಯಸ್ಸಿನ ಹುಡುಗನೊಬ್ಬ ಒಂಟಿ ಗಾಲಿಯ ಸೈಕಲ್ ಬಿಡುತ್ತಿದ್ದ. ಮರುದಿನದಿಂದ ನಮಗೆ ಅದೇ ಹುಚ್ಚು. ಮಕ್ಕಳ ಮುರುಕು ಮೂರುಗಾಲಿ ಸೈಕಲ್ಲಿನ ಮುಂದಿನ ಗಾಲಿಗೆ ಪೆಡಲ್ ನೇರವಾಗಿ ಕೂತಿರುತ್ತದಲ್ಲ, ಅದಕ್ಕೆ ಸೈಕಲ್ ರಿಪೇರಿಯವರ ಕೈಕಾಲು ಹಿಡಿದು ಮೇಲೊಂದು ಸೀಟು ಹಾಕಿಸಿಕೊಂಡೆವು. ಎರಡು ಗಾಲಿಯದು ಎಡಬಲಕ್ಕೆ ಮಾತ್ರ ಬೀಳುತ್ತದೆ, ಇದು ನಾಲ್ಕೂ ದಿಕ್ಕಿಗೆ. ಮುಂದಕ್ಕೆ ಬೀಳುವಂತಾದರೆ ಜೋರಾಗಿ ತುಳಿದು ಗಾಲಿಯನ್ನು ಮೈಯ ಕೆಳಗೆ ತರಬೇಕು, ಹಿಂದಕ್ಕಾದರೆ ತಡೆಯಬೇಕು. ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುವುದರಿಂದ ಕಾಲಿಗೆ ವಿಶ್ರಾಂತಿಯೇ ಇಲ್ಲ. ಭಾರವನ್ನೆಲ್ಲ ಸೀಟಿನ ಮೇಲೆ ಬಿಟ್ಟು, ಗಾಲಿ ನೋಡದೆ ದೂರ ನೋಡಬೇಕು. ಹಿಂದೆ ನಿಂತು ಹಿಡಿಯಹೋದರೆ ಹಿಡಿದವನನ್ನೂ ಕೆಡವುತ್ತದೆ. ಉಳಿದದ್ದು ಗೋಡೆ. ಗೋಡೆ ಸುಳ್ಳು ಹೇಳುವುದಿಲ್ಲ, ಯಾವಾಗ ಬಿಡಬೇಕೆಂದು ನಾವೇ ತೀರ್ಮಾನಿಸಬೇಕು. ತಿಂಗಳುಗಟ್ಟಲೆ ಮೊಣಕಾಲು ಕೆತ್ತಿಸಿಕೊಂಡು ನಾಲ್ಕೈದು ಸುತ್ತು ಗಾಲಿ ತಿರುಗಿಸಿದ್ದೇ ನಮ್ಮ ಸಾಧನೆ.

ಸರ್ಕಸ್ಸಿನ ಆ ಹುಡುಗ ಗಾಳಿ ತುಂಬಿಸಲು ಅಂಗಡಿಗೆ ಬಂದಿದ್ದಾಗ ಕೇಳಿದ್ದೆವು, ನಿನ್ನನ್ನು ಯಾರು ಹಿಡಿದಿದ್ದರು ಎಂದು. ಯಾರೂ ಹಿಡಿಯಲಿಲ್ಲ, ಬಿದ್ದ ದಿನ ಊಟ ಇರುತ್ತಿರಲಿಲ್ಲ ಎಂದ. ನಾವು ಅದನ್ನೊಂದು ಸಾಹಸವೆಂಬಂತೆ ಕೇಳಿಸಿಕೊಂಡೆವು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2011ರಲ್ಲಿ. ಅವನಿಗೆ ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ಬಿದ್ದರೆ ಊಟವಿಲ್ಲ ಎಂಬುದು ನೂರಕ್ಕೆ ನೂರು ಸತ್ಯವಾಗಿತ್ತು.

ತಂಗಿಯ ಕತೆ ಇನ್ನೂ ಮುಗಿದಿಲ್ಲ. ಅವಳು ಏಳನೆಯ ತರಗತಿ ಮುಗಿಸಿದಳು. ಹೈಸ್ಕೂಲು ನಮ್ಮ ಮನೆಯಿಂದ ಊರಿನ ಇನ್ನೊಂದು ತುದಿ. ಸೈಕಲ್ ಮೇಲೆ ಹೋಗುತ್ತೇನೆಂದಳು. ಹಿರಿಯರು ಕಟ್ಟುನಿಟ್ಟಾಗಿ ಬೇಡವೆನ್ನಲಿಲ್ಲ, ಬೈಯಲೂ ಇಲ್ಲ. "ಬೀಳ್ತಿ" ಎಂದರು. ಎರಡು ವರ್ಷದಿಂದ ಬೀಳದೆ ಸೈಕಲ್ ಹೊಡೆಯುತ್ತಿದ್ದವಳು ಅವಳು. ನಮ್ಮ ಕಡೆ ತಿರುಗಿ, "ನೀವ ಹೇಳ್ರಿ, ಬೀಳ್ತೀನೇನು?" ಎಂದು ಕೇಳಿದಳು. ನಾವು, "ಬೀಳಬಹುದು" ಎಂದೆವು. ಯಾರು ತಾನೇ ಬೀಳಲಾರರು? ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೆಲವು ತಿಂಗಳು ನಡೆದುಕೊಂಡು ಹೋದಳು. ಮಳೆಗಾಲದಲ್ಲಿ ಒಂದು ವಾರ ತಪ್ಪಿತು, ಆಮೇಲೆ ಒಂದು ತಿಂಗಳು, ಆಮೇಲೆ ಶಾಲೆಯ ಮಾತು ಯಾರೂ ಎತ್ತಲಿಲ್ಲ.

2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ, ಬುರ್ಖಾ ತೊಟ್ಟವರು, ಎರಡು ಜಡೆಯವರು, ಎಲ್ಲ ಹುಡುಗಿಯರೂ ಒಟ್ಟಾಗಿ ಗಂಟೆ ಬಾರಿಸುತ್ತ ಹೋಗುವುದನ್ನು ಕಂಡು ನಮಗೆ ಸಂತೋಷವಾಯಿತು. ನಾಚಿಕೆಯೂ ಆಯಿತು. ನಾವು ಲೆಕ್ಕವಿಟ್ಟು ತೌಬಾ ಮಾಡುವ ಸುಳ್ಳುಗಳಲ್ಲಿ ಬಯಲಿನ ಆ ಕೂಗು ಇರಬಹುದು. "ಬೀಳಬಹುದು" ಎಂಬುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಮೊದಲನೆಯದು ಅವಳು ಹಿಂತಿರುಗಿ ನೋಡಿದ ಕೂಡಲೇ ಬಯಲಾಗುವಂಥದ್ದು, ಬಯಲಾಗಲೆಂದೇ ಹೇಳಿದ್ದು. ಎರಡನೆಯದನ್ನು ಪರೀಕ್ಷಿಸಿ ನೋಡಲು ಅವಳಿಗೆ ದಾರಿಯನ್ನೇ ಬಿಟ್ಟಿರಲಿಲ್ಲ.

ಕಳೆದ ಈದ್‌ಗೆ ತಂಗಿ ತವರಿಗೆ ಬಂದಿದ್ದಳು. ಅವಳ ಮೊಮ್ಮಗ ಅಂಗಳದಲ್ಲಿ ಸೈಕಲ್ ಕಲಿಯುತ್ತಿದ್ದ. ಇಷ್ಟು ವರ್ಷದ ಮೇಲೆ ನಾವು ಬಾಯಿಬಿಟ್ಟು ಹೇಳಿದೆವು, ಅಂದು ಬಯಲಿನಲ್ಲಿ ನಿನ್ನನ್ನು ನಾವು ಹಿಡಿದಿರಲಿಲ್ಲ ಎಂದು. ಅವಳು ನಕ್ಕಳು. "ಗೊತ್ತಿತ್ತು. ನಿಮ್ಮ ಚಪ್ಪಲಿ ಸಪ್ಪಳ ನಿಂತಿತ್ತಲ್ಲ" ಎಂದಳು.

ಗೊತ್ತಿದ್ದೂ ಯಾಕೆ ತುಳಿದೆ ಎಂದು ಕೇಳಿದೆವು. "ಕೂಗಾಕತ್ತಿದ್ರಿ, ಅದು ಸಾಕಿತ್ತು" ಎಂದಳು. ಇನ್ನೊಂದನ್ನು ಕೇಳುವ ಧೈರ್ಯ ನಮಗಾಗಲಿಲ್ಲ. ಅಷ್ಟರಲ್ಲಿ ಮೊಮ್ಮಗ ಗೋಡೆಗೆ ಡಿಕ್ಕಿ ಹೊಡೆದು ಬಿದ್ದ. ಅವಳು ಎದ್ದು ಹೋಗಿ ಹ್ಯಾಂಡಲ್ ನೇರ ಮಾಡಿಕೊಟ್ಟು ಸೀಟಿನ ಹಿಂದೆ ಕೈ ಇಟ್ಟಳು.