ಅಧಿಕಾರಿಯೂ ಪ್ರತಿನಿಧಿಯೂ

ಇಂದಿನ ಮಾತಿನಲ್ಲಿ ‘ಅಧಿಕಾರ’ಕ್ಕೆ ಇನ್ನೊಬ್ಬರ ಮೇಲೆ ನಡೆಸುವ ಆಳ್ವಿಕೆಯ ಅರ್ಥ ಅಂಟಿಕೊಂಡಿದ್ದರೂ, ವೇದದ ವಿಧಿವಾಕ್ಯಗಳ ತಾತ್ಪರ್ಯವನ್ನು ನಿರ್ಣಯಿಸುವ ಪೂರ್ವಮೀಮಾಂಸೆಯಲ್ಲಿ ಅದು ಕರ್ಮವನ್ನು ಮಾಡಿ ಅದರ ಫಲಕ್ಕೆ ಒಡೆಯನಾಗುವ ಅರ್ಹತೆಯ ಹೆಸರು. ಅದರ ಮೂಲಗ್ರಂಥವಾದ ಜೈಮಿನಿಸೂತ್ರಗಳ ಆರನೆಯ ಅಧ್ಯಾಯ ಈ ವಿಚಾರಕ್ಕೆ ಮೀಸಲಾಗಿದ್ದು, ಫಲವನ್ನು ಬಯಸುವವನು, ಮಾಡಬಲ್ಲವನು, ವಿಧಾನವನ್ನು ಅರಿತವನು ಮತ್ತು ಶಾಸ್ತ್ರ ಹೊರಗಿಡದವನು ಅಧಿಕಾರಿ ಎಂಬ ನಿಲುವು ಆ ಪರಂಪರೆಯಲ್ಲಿ ನೆಲೆಗೊಂಡಿತು. ಕಚೇರಿಯ ಕಂಪ್ಯೂಟರಿನಲ್ಲಿ ಅಡ್ಮಿನಿಸ್ಟ್ರೇಟರ್ ಹಕ್ಕಿಲ್ಲದೆ ತಂತ್ರಾಂಶ ಬರೆಯುವವನಲ್ಲಿ ಮೊದಲ ಮೂರು ಲಕ್ಷಣಗಳೂ ಇರುತ್ತವೆ. ‘ಪರ್ಮಿಶನ್ ಡಿನೈಡ್’ ಎಂಬ ಸಾಲು ತೆರೆಯ ಮೇಲೆ ಮೂಡುವುದು ನಾಲ್ಕನೆಯದು ಇಲ್ಲದ್ದರಿಂದ.

ಈ ನಿರಾಕರಣೆ ಯೋಗ್ಯತೆಯ ಮೇಲಿನ ತೀರ್ಪಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಯ ತಿರುಳಾದ ಕರ್ನೆಲ್ ನೋಡುವುದು ಬಳಕೆದಾರನ ಸಂಖ್ಯೆಯನ್ನು, ಫೈಲಿನ ಮೇಲೆ ಬರೆದ ಅನುಮತಿಯನ್ನು. ಸರ್ವಾಧಿಕಾರಿಯಾದ ‘ರೂಟ್’ನ ಸಂಖ್ಯೆ 0. ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಹಕ್ಕಿರಬೇಕೆಂಬ ತತ್ತ್ವವನ್ನು ಗಣಕವಿಜ್ಞಾನಿಗಳಾದ ಜೆರೋಮ್ ಸಾಲ್ಟ್ಸರ್ ಮತ್ತು ಮೈಕೆಲ್ ಶ್ರೋಡರ್ 1975ರ ಪ್ರಬಂಧದಲ್ಲಿ ನಿರೂಪಿಸಿದಾಗ, ಅವರು ಗಮನದಲ್ಲಿಟ್ಟದ್ದು ಅಯೋಗ್ಯರನ್ನಷ್ಟೇ ಅಲ್ಲ, ಯೋಗ್ಯನ ಕೈತಪ್ಪಿನಿಂದಲೂ ಆಗಬಹುದಾದ ಹಾನಿಯನ್ನು. ಧನವಿಲ್ಲದವನಿಗೆ ಯಜ್ಞದ ಅಧಿಕಾರ ತಪ್ಪುವುದಿಲ್ಲ, ಏಕೆಂದರೆ ಬಡತನ ನಿತ್ಯವಲ್ಲ, ಧನವನ್ನು ಸಂಪಾದಿಸಬಹುದು ಎಂದು ಜೈಮಿನಿ ಹೇಳುವಲ್ಲಿಯೂ ವ್ಯಕ್ತಿಯ ಸ್ವಭಾವ ಮತ್ತು ಅವನ ಸದ್ಯದ ಸ್ಥಿತಿಗಳ ನಡುವೆ ಇಂಥದೇ ವಿವೇಕವಿದೆ. ಆದರೆ ಎಲ್ಲ ವರ್ಣದವರಿಗೂ ಅಧಿಕಾರವುಂಟೆಂದ ಬಾದರಿ ಎಂಬ ಆಚಾರ್ಯನ ಮತವನ್ನು ತಳ್ಳಿಹಾಕಿ ಶೂದ್ರರನ್ನು ಹೊರಗಿಟ್ಟದ್ದೂ ಅದೇ ಅಧ್ಯಾಯ. ಬಡತನದ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ವಿವೇಕ ಹುಟ್ಟಿನ ಮುಂದೆ ಮಂಕಾಯಿತು.

ಹಕ್ಕಿಲ್ಲದವನ ದೈನಂದಿನ ತೊಡಕಿಗೆ ಹೆಚ್ಚು ಹತ್ತಿರವಾದುದು ಆ ಅಧ್ಯಾಯದ ಪ್ರತಿನಿಧಿವಿಚಾರ, ಅಂದರೆ ವಿಹಿತ ದ್ರವ್ಯ ದೊರೆಯದಾಗ ಅದರ ಸ್ಥಾನದಲ್ಲಿ ಏನನ್ನು ಬಳಸಬಹುದೆಂಬ ಚರ್ಚೆ. ವ್ರೀಹಿ, ಎಂದರೆ ಬತ್ತ, ಸಿಗದಿದ್ದರೆ ಅದನ್ನು ಹೋಲುವ ಕಾಡುಬತ್ತವಾದ ನೀವಾರವನ್ನು ತೆಗೆದುಕೊಳ್ಳಬೇಕು. ಕೈಗೆ ಸಿಕ್ಕಿದ್ದು ಸಾಲದು, ಸಾದೃಶ್ಯ ಬೇಕು. ಅಂತೆಯೇ, ತಕ್ಕ ಬದಲಿಯನ್ನು ಹುಡುಕಲು, ಬೇಕಾದ ಉಪಕರಣದ ಅನುಸ್ಥಾಪನೆ ಯಾವ ಹಂತದಲ್ಲಿ ನಿಂತಿತೆಂಬುದನ್ನು ಮೊದಲು ಗುರುತಿಸಬೇಕು. ವಿಂಡೋಸ್‌ನ ‘ಪ್ರೋಗ್ರಾಮ್ ಫೈಲ್ಸ್’ನಲ್ಲಿ ಬರೆಯಲಾಗದಿದ್ದರೆ ಅದೇ ಉಪಕರಣವನ್ನು ಬಳಕೆದಾರನ ಸ್ವಂತ ಫೋಲ್ಡರಿನಲ್ಲಿ ಬಿಚ್ಚಿಟ್ಟು, ಆದೇಶಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ‘ಪಾತ್’ಗೆ ಅದರ ವಿಳಾಸವನ್ನು ತನ್ನ ಖಾತೆಯ ಮಟ್ಟಿಗೆ ಸೇರಿಸಬಹುದು. ಪೈಥಾನಿನ ಗ್ರಂಥಾಲಯಗಳಿಗಾದರೆ, 2012ರಲ್ಲಿ 3.3ನೆಯ ಆವೃತ್ತಿಯೊಡನೆ ಬಂದ ‘ವೆನ್ವ್’ ಪ್ರತಿ ಯೋಜನೆಗೂ ಪ್ರತ್ಯೇಕ ಆವರಣವನ್ನು ಕಟ್ಟಿಕೊಡುತ್ತದೆ. ಜಾಲಸಂಪರ್ಕದ ಸಂಖ್ಯಾದ್ವಾರಗಳಾದ ಪೋರ್ಟುಗಳಲ್ಲಿ 1024ಕ್ಕಿಂತ ಕೆಳಗಿನವನ್ನು ಯುನಿಕ್ಸ್ ಸಾಂಪ್ರದಾಯಿಕವಾಗಿ ರೂಟ್‌ಗೆ ಕಾದಿರಿಸಿರುವುದರಿಂದ 80ಕ್ಕೆ ಬದಲಾಗಿ 8080 ನೀವಾರವಾಗುತ್ತದೆ. ಇಷ್ಟಾದ ಮೇಲೆ, ಅಧಿಕಾರವಿಲ್ಲವೆಂದು ತೋರಿದ ಕೆಲಸಗಳಲ್ಲಿ ಬಹುಪಾಲಿಗೆ ಆ ಅಧಿಕಾರವೇ ಬೇಕಿರಲಿಲ್ಲವೆಂದು ತಿಳಿಯುತ್ತದೆ.

ಎಲ್ಲಕ್ಕೂ ಪ್ರತಿನಿಧಿಯಿಲ್ಲ. ದೇವತೆ, ಅಗ್ನಿ, ಮಂತ್ರ, ಕ್ರಿಯೆಗಳಿಗೆ ಬದಲಿಲ್ಲವೆಂದು ಜೈಮಿನಿ ಹೇಳಿದಂತೆ, ಕರ್ನೆಲ್‌ನೊಳಗೆ ಕೂತು ಯಂತ್ರಾಂಶವನ್ನು ನಡೆಸಬೇಕಾದ ಡ್ರೈವರಿಗೆ ಸ್ವಂತ ಫೋಲ್ಡರು ಬದಲಾಗದು. ನಿಷಿದ್ಧ ದ್ರವ್ಯವೂ ಪ್ರತಿನಿಧಿಯಾಗಲಾರದು: ಹೆಸರುಕಾಳನ್ನು ಎಷ್ಟೇ ಹೋಲಿದರೂ ಯಜ್ಞಕ್ಕೆ ಸಲ್ಲದೆಂದು ಉದ್ದನ್ನು ಬಿಡಬೇಕು, ಸಹೋದ್ಯೋಗಿಯಿಂದ ಎರವಲು ತಂದ ಅಡ್ಮಿನ್ ಪಾಸ್‌ವರ್ಡನ್ನು ಬಿಡಬೇಕಾದಂತೆ. ಆಗ ಉಳಿಯುವುದು ಕೇಳಿ ಪಡೆಯುವ ದಾರಿ. ಅಲ್ಲಿಯೂ ಸಿಗುವುದು ಶಾಶ್ವತ ಒಡೆತನವಾಗಬೇಕಿಲ್ಲ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ ಅಡ್ಮಿನಿಸ್ಟ್ರೇಟರ್ ಖಾತೆಯವನೂ ಸಾಮಾನ್ಯವಾಗಿ ಕಡಿಮೆ ಹಕ್ಕಿನಲ್ಲೇ ದುಡಿದು, ಅಗತ್ಯ ಬಿದ್ದಾಗ ಒಪ್ಪಿಗೆಯಿತ್ತು ಆ ಒಂದು ಕೆಲಸಕ್ಕಷ್ಟೇ ಪೂರ್ಣ ಹಕ್ಕನ್ನು ತಾಳುತ್ತಾನೆ. ಸೋಮಯಾಗದ ಯಜಮಾನನೂ ಆರಂಭದ ದೀಕ್ಷೆಯಿಂದ ಪಡೆದುದನ್ನು ಕೊನೆಯ ಅವಭೃಥಸ್ನಾನದಲ್ಲಿ ಕಳಚಿಟ್ಟು ಮನೆಗೆ ಮರಳುತ್ತಿದ್ದನು.