ಭವಿಷ್ಯವಾಣಿಗೂ ಕೃತಿಗೂ ನಡುವೆ

ಉಪವಾಸ ಮುರಿದಾಗ, ತೆಗೆದುಕೊಂಡ ನಿಯಮ ತಪ್ಪಿದಾಗ ಶ್ರಾವಕರ ಮನೆಗಳಲ್ಲಿ ಕೇಳಿಬರುವ ಮಾತೊಂದುಂಟು: “ಏನು ಮಾಡುವುದು, ಕರ್ಮೋದಯ.” ಸ್ವಲ್ಪ ಶಾಸ್ತ್ರ ಬಲ್ಲವರು ಅದನ್ನೇ “ಚಾರಿತ್ರಮೋಹನೀಯದ ಉದಯ” ಎಂದು ಇನ್ನಷ್ಟು ಗಂಭೀರವಾಗಿ ನುಡಿಯುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದನ್ನು ಆಡುವ ರೀತಿಯಲ್ಲಿ ಕರ್ಮವೆಂಬುದು ಹೊರಗಿನಿಂದ ಬಂದು ಜೀವನನ್ನು ಎಳೆದೊಯ್ಯುವ ಯಾವನೋ ಬಲಾತ್ಕಾರಿಯಂತೆ ತೋರುತ್ತದೆ. ಹಾಗಾದಲ್ಲಿ ಕರ್ಮಸಿದ್ಧಾಂತಕ್ಕೂ ಹಣೆಬರಹದ ನಂಬಿಕೆಗೂ ಭೇದವೇನು ಉಳಿಯಿತು? ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಜೈನೇತರವೂ ವಿದೇಶೀಯವೂ ಆದ ಒಂದು ನಾಟಕ ಚೆನ್ನಾಗಿ ಒದಗುತ್ತದೆ. ಅದು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’. ಸುಮಾರು 1606ರಲ್ಲಿ ರಚಿತವಾದ ಈ ನಾಟಕ ಕನ್ನಡಿಗರಿಗೆ ಹೊಸದಲ್ಲ. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ ಇದರದೇ ರೂಪಾಂತರ, ಡಿ. ವಿ. ಗುಂಡಪ್ಪನವರೂ ಇದನ್ನು ಕನ್ನಡಿಸಿದ್ದಾರೆ. ಬೇರೆ ಬೇರೆ ದೇಶಗಳಲ್ಲಿ ಚಲನಚಿತ್ರಗಳಾಗಿಯೂ ಇದು ಬಂದಿದೆ.

ಕಥೆ ಎಲ್ಲರಿಗೂ ತಿಳಿದಿರಬಹುದಾದರೂ ಆರಂಭವನ್ನು ನೆನೆಯುವುದು ಅವಶ್ಯ. ಸ್ಕಾಟ್ಲೆಂಡಿನ ರಾಜ ಡಂಕನ್ನನ ಪರವಾಗಿ ಯುದ್ಧ ಗೆದ್ದು ಮರಳುತ್ತಿರುವ ಇಬ್ಬರು ಸೇನಾನಿಗಳು ಬಯಲಿನಲ್ಲಿ ಮೂವರು ಮಾಟಗಾತಿಯರನ್ನು ಕಾಣುತ್ತಾರೆ. ಮ್ಯಾಕ್‌ಬೆತ್‌ನು ಕಾಡರ್ ಪ್ರಾಂತದ ಒಡೆಯನಾಗುವನೆಂದೂ ಆಮೇಲೆ ರಾಜನಾಗುವನೆಂದೂ ಅವರು ಹೇಳುತ್ತಾರೆ. ಜೊತೆಯ ಬ್ಯಾಂಕೋ ತಾನು ರಾಜನಾಗದಿದ್ದರೂ ಅವನ ಸಂತತಿಯವರು ರಾಜರಾಗುವರು. ಕೆಲವೇ ಕ್ಷಣಗಳಲ್ಲಿ ದೂತರು ಬಂದು, ರಾಜನು ಕಾಡರಿನ ಪದವಿಯನ್ನು ಮ್ಯಾಕ್‌ಬೆತ್‌ಗೆ ಕೊಟ್ಟಿರುವನೆಂದು ತಿಳಿಸುತ್ತಾರೆ. ಇಲ್ಲಿಯವರೆಗೆ ಅವನು ಯಾರ ಕೂದಲನ್ನೂ ಕೊಂಕಿಸಿಲ್ಲ. ಯುದ್ಧದಲ್ಲಿ ಕೊಂದದ್ದು ಶ್ರಾವಕಾಚಾರದ ಪರಿಭಾಷೆಯಲ್ಲಿ ವಿರೋಧೀ ಹಿಂಸೆ. ಗೃಹಸ್ಥನಾದ ಕ್ಷತ್ರಿಯನಿಗೆ ಅದು ಪೂರ್ಣವಾಗಿ ತಪ್ಪುವುದಿಲ್ಲ.

ಮುಂದಿನದನ್ನು ತೂಗಿನೋಡಲು ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯಷ್ಟು ನಿಖರವಾದ ತಕ್ಕಡಿ ಮತ್ತೊಂದಿಲ್ಲ. ದೇವಾಗಮವೆಂದೂ ಪ್ರಸಿದ್ಧವಾದ ಆ ಸ್ತೋತ್ರದ ಎಂಟನೆಯ ಪರಿಚ್ಛೇದವು ದೈವ-ಪೌರುಷಗಳ ವಿಚಾರಕ್ಕೇ ಮೀಸಲಾಗಿದೆ. ಎಲ್ಲವೂ ದೈವದಿಂದಲೇ ಎಂಬ ಏಕಾಂತವನ್ನೂ ಎಲ್ಲವೂ ಪೌರುಷದಿಂದಲೇ ಎಂಬ ಏಕಾಂತವನ್ನೂ ಆಚಾರ್ಯರು ಒಪ್ಪುವುದಿಲ್ಲ. ಬುದ್ಧಿಪೂರ್ವಕವಲ್ಲದೆ, ಎಂದರೆ ಉದ್ದೇಶಿಸದೆ ಒದಗಿಬಂದ ಇಷ್ಟಾನಿಷ್ಟಗಳು ಸ್ವಂತ ದೈವದಿಂದ. ಬುದ್ಧಿಪೂರ್ವಕವಾಗಿ ಮಾಡಿದಾಗ ಆಗುವ ಇಷ್ಟಾನಿಷ್ಟಗಳು ಸ್ವಂತ ಪೌರುಷದಿಂದ. ಇಲ್ಲಿ ‘ಸ್ವಂತ’ ಎಂಬುದನ್ನು ಗಮನಿಸಬೇಕು. ದೈವವೂ ಪೂರ್ವದಲ್ಲಿ ತಾನೇ ಕಟ್ಟಿಕೊಂಡ ಕರ್ಮವಲ್ಲದೆ ಇನ್ನೊಬ್ಬರು ಬರೆದ ಬರಹವಲ್ಲ.

ಈ ತಕ್ಕಡಿಯಲ್ಲಿ ಕಾಡರಿನ ಪದವಿ ದೈವದ ತಟ್ಟೆಗೆ ಬೀಳುತ್ತದೆ, ಯತ್ನವಿಲ್ಲದೆ ಬಂದದ್ದು. ಡಂಕನ್ನನ ಕೊಲೆ? ಅದು ಬೀಳುವುದು ಇನ್ನೊಂದು ತಟ್ಟೆಗೆ. ಆಶ್ಚರ್ಯವೆಂದರೆ ಮ್ಯಾಕ್‌ಬೆತ್‌ಗೂ ಇದು ತಿಳಿದಿತ್ತು. ರಾಜತ್ವ ಬರುವುದಾದರೆ ತಾನು ಕದಲದೆಯೇ ಬರಲಿ ಎಂದು ಅವನು ಒಮ್ಮೆ ತನ್ನೊಳಗೆ ಹೇಳಿಕೊಳ್ಳುತ್ತಾನೆ. ಮಾಟಗಾತಿಯರು ರಾಜನಾಗುವೆ ಎಂದರೇ ಹೊರತು ಕೊಲ್ಲು ಎನ್ನಲಿಲ್ಲ. ಭವಿಷ್ಯವಾಣಿಯಲ್ಲಿ ಫಲವಿತ್ತು, ಉಪಾಯವಿರಲಿಲ್ಲ. ಉಪಾಯವನ್ನು ಹುಡುಕಿದವನು ಅವನೇ.

ಕೊಲೆಗೆ ಮುಂಚೆ ಅವನು ಹಿಂದೆ ಸರಿದದ್ದೂ ಉಂಟು. ಡಂಕನ್ ತನ್ನ ಬಂಧು, ತನ್ನ ಪ್ರಭು, ಈ ರಾತ್ರಿ ತನ್ನ ಮನೆಯ ಅತಿಥಿ. ಅಲ್ಲದೆ ಸಾತ್ತ್ವಿಕ ದೊರೆ. ಇದೆಲ್ಲವನ್ನೂ ಆಲೋಚಿಸಿ, ಈ ಕಾರ್ಯದಲ್ಲಿ ಇನ್ನು ಮುಂದುವರಿಯುವುದು ಬೇಡವೆಂದು ಹೆಂಡತಿಗೆ ಹೇಳಿಯೇ ಬಿಡುತ್ತಾನೆ. ಅವಳು ಅವನ ಪೌರುಷವನ್ನು ಹಂಗಿಸುತ್ತಾಳೆ, ಮಾನಕಷಾಯವನ್ನು ಕೆರಳಿಸುತ್ತಾಳೆ. ಅದೇ ದೃಶ್ಯ ಮುಗಿಯುವುದರೊಳಗೆ ಅವನು ಮತ್ತೆ ಸಿದ್ಧನಾಗಿರುತ್ತಾನೆ. ವ್ರತದ ವಿಚಾರ ಮಾಡುವವರು ನಿಂತು ನೋಡಬೇಕಾದ ಸ್ಥಳವಿದು. ‘ಬೇಡ’ ಎಂದದ್ದು ವ್ರತವಾಯಿತೇ? ಹೆಂಡತಿಯ ಮುಂದೆ ಅವನು ಮುಂದಿಟ್ಟ ಕಾರಣಗಳಾದರೂ ಯಾವುವು? ರಾಜನು ಈಚೆಗೆ ತನ್ನನ್ನು ಸನ್ಮಾನಿಸಿದ್ದಾನೆ, ಜನರು ಹೊಗಳುತ್ತಿದ್ದಾರೆ, ಆ ಹೊಸ ಕೀರ್ತಿಯನ್ನು ಇಷ್ಟು ಬೇಗ ಎಸೆಯುವುದೇಕೆ ಎಂಬುದೇ. ಕೊಲ್ಲಬಾರದು ಎಂಬ ಮಾತು ಅಲ್ಲಿ ಬರಲೇ ಇಲ್ಲ. ಗಳಿಗೆಯ ವೈರಾಗ್ಯಕ್ಕೆ ಮರ್ಯಾದೆಯೂ ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ. ಅದೇ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವ್ರತವನ್ನು ಸಂಕಲ್ಪಪೂರ್ವಕವಾದ ವಿರತಿಯೆಂದು ಲಕ್ಷಿಸಿ, ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ಯಾವಜ್ಜೀವವಾದುದನ್ನು ಯಮವೆಂದೂ ವಿಂಗಡಿಸಿದ್ದಾರೆ. ಅಷ್ಟಮಿ-ಚತುರ್ದಶಿಗಳಲ್ಲಿ ಅನ್ನ ಸಿಗದೆ ಹಸಿದವನಿಗೆ ಪ್ರೋಷಧೋಪವಾಸದ ಫಲವಿಲ್ಲ. ಹಾಗೆಯೇ ಸಂದರ್ಭ ಬಾರದಿದ್ದುದರಿಂದ ಒಳ್ಳೆಯವನಾಗಿ ಉಳಿದವನಿಗೆ ಚಾರಿತ್ರವೂ ಇಲ್ಲ. ಮ್ಯಾಕ್‌ಬೆತ್‌ನು ಸ್ವಭಾವತಃ ಮೃದುವೆಂದು ಅವನ ಹೆಂಡತಿಯೇ ದೂರುತ್ತಾಳೆ. ಸ್ವಭಾವ ಮೃದುವಾಗಿತ್ತು, ಬೇಲಿ ಇರಲಿಲ್ಲ.

ಇಲ್ಲಿ ಶಾಸ್ತ್ರಜ್ಞರ ಒಂದು ಆಕ್ಷೇಪ ಏಳಬಹುದು. ಅಪ್ರತ್ಯಾಖ್ಯಾನಾವರಣ ಕಷಾಯದ ಉದಯವಿರುವಾಗ ಅಣುವ್ರತವೂ ಸಾಧ್ಯವಿಲ್ಲವೆಂದು ಆಗಮವೇ ಹೇಳುತ್ತದೆ. ಹಾಗಿರಲು ಅವನ ಮೇಲೆ ದೋಷವೇಕೆ? ಆಕ್ಷೇಪ ಹಗುರವಾದುದಲ್ಲ. ಆದರೆ ಕರ್ಮದ ಉದಯವು ದ್ರವ್ಯ-ಕ್ಷೇತ್ರ-ಕಾಲ-ಭಾವಗಳ ನಿಮಿತ್ತವನ್ನು ಹಿಡಿದು ಫಲ ಕೊಡುತ್ತದೆಂದೂ, ಅದಕ್ಕೆ ಉಪಶಮ-ಕ್ಷಯೋಪಶಮಗಳುಂಟೆಂದೂ ಅದೇ ಆಗಮ ಹೇಳುತ್ತದೆ. ಇದಾವುದೂ ಇಲ್ಲದೆ, ಆಗುವುದು ಆಗುವಂತೆ ಆಗಿಯೇ ತೀರುವುದೆಂಬ ನಿಯತಿವಾದವನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಏಕಾಂತ ಮತಗಳ ಸಾಲಿನಲ್ಲಿಯೇ ಎಣಿಸಿದ್ದಾರೆ. ಗುರುವಿನ ಸನ್ನಿಧಿಗೆ ಹೋಗಿ ನಿಯಮ ಕೇಳುವವನು ತನ್ನ ಕ್ಷೇತ್ರವನ್ನೂ ಭಾವವನ್ನೂ ಬದಲಿಸಿಕೊಳ್ಳುತ್ತಿದ್ದಾನೆ. ಮ್ಯಾಕ್‌ಬೆತ್ ಹೋದದ್ದು ಎರಡನೆಯ ಸಲವೂ ಮಾಟಗಾತಿಯರ ಬಳಿಗೇ.

ನಾಟಕದಲ್ಲಿ ನಿಜವಾದ ಪರೀಕ್ಷೆ ಬ್ಯಾಂಕೋನದು. ಅದೇ ಬಯಲು, ಅದೇ ವಾಣಿ, ಅದೇ ರಾಜ್ಯದ ಆಸೆ. ನಿಮಿತ್ತ ಒಂದೇ, ಉಪಾದಾನ ಬೇರೆ. ಕತ್ತಲೆಯ ಶಕ್ತಿಗಳು ಸಣ್ಣ ಸತ್ಯಗಳನ್ನು ನುಡಿದು ದೊಡ್ಡ ಕೇಡಿಗೆ ಸೆಳೆಯುವುವೆಂದು ಅವನು ಆಗಲೇ ಎಚ್ಚರಿಸುತ್ತಾನೆ. ಕೊಲೆಯ ರಾತ್ರಿ ನಿದ್ದೆ ಒತ್ತಿಬರುತ್ತಿದ್ದರೂ ಮಲಗಲು ಅಂಜುತ್ತಾನೆ. ನಿದ್ದೆಯಲ್ಲಿ ನುಸುಳುವ ಕೆಟ್ಟ ಆಲೋಚನೆಗಳನ್ನು ತಡೆಯಿರೆಂದು ದೈವೀ ಶಕ್ತಿಗಳನ್ನು ಬೇಡುತ್ತಾನೆ. ಪ್ರತಿಕ್ರಮಣ ಮಾಡಿ ಮಲಗುವ ಮನೆಗಳಲ್ಲಿ ಈ ಭಯ ಅಪರಿಚಿತವಲ್ಲ. ತನ್ನೊಡನೆ ಸೇರಿದರೆ ಗೌರವ ದೊರೆಯುವುದೆಂದು ಮ್ಯಾಕ್‌ಬೆತ್ ಆಮಿಷ ತೋರಿದಾಗ, ಮನಸ್ಸು ಕಳಂಕಿತವಾಗದಷ್ಟಕ್ಕೆ ಮಾತ್ರ ತಾನು ಬರುವೆನೆಂದು ಗೆರೆ ಎಳೆಯುತ್ತಾನೆ. ಶೇಕ್ಸ್‌ಪಿಯರನಿಗೆ ಆಕರವಾದ ಹಾಲಿನ್‌ಶೆಡ್ಡನ ಇತಿವೃತ್ತದಲ್ಲಿ ಬ್ಯಾಂಕೋ ಕೊಲೆಯಲ್ಲಿ ಪಾಲುಗಾರ. ಆಗ ಆಳುತ್ತಿದ್ದ ಒಂದನೆಯ ಜೇಮ್ಸ್ ದೊರೆ ಬ್ಯಾಂಕೋನ ವಂಶಜನೆಂದು ನಂಬಲಾಗಿದ್ದುದು ಈ ಮಾರ್ಪಾಟಿಗೆ ಒಂದು ಕಾರಣವೆನ್ನುವರು. ಕಾರಣ ರಾಜಭಕ್ತಿಯಾಗಿದ್ದರೂ ಬಂದ ಲಾಭ ನೀತಿಗೆ.

ಆದರೂ ಬ್ಯಾಂಕೋ ಪೂರ್ಣ ಶುದ್ಧನಲ್ಲ. ಮ್ಯಾಕ್‌ಬೆತ್ ಸಿಂಹಾಸನವೇರಿದ ಮೇಲೆ ಕೃತ್ಯ ಯಾರದೆಂದು ಊಹಿಸಿಯೂ ಅವನು ಸುಮ್ಮನಿರುತ್ತಾನೆ. ಅವನಿಗೆ ಹೇಳಿದ್ದು ನಿಜವಾಯಿತು, ತನಗೆ ಹೇಳಿದ್ದೂ ನಿಜವಾಗಬಾರದೇಕೆ ಎಂದು ಒಳಗೊಳಗೇ ಹಾರೈಸುತ್ತಾನೆ. ಕೃತ-ಕಾರಿತಗಳಿಂದ ಪಾರಾದವನು ಅನುಮೋದನೆಯ ಹೊಸ್ತಿಲಲ್ಲಿ ಎಡವಿದನು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲವರಿಗೆ ಈ ಸೂಕ್ಷ್ಮ ಬೇಗ ತಿಳಿಯುವುದು. ಯಶೋಧರನು ಜೀವಬಲಿಯನ್ನು ಒಲ್ಲೆನೆಂದವನೇ. ತಾಯಿ ಚಂದ್ರಮತಿಯ ದಾಕ್ಷಿಣ್ಯಕ್ಕೆ ಸಿಕ್ಕಿ ಹಿಟ್ಟಿನ ಕೋಳಿಗೆ ಒಪ್ಪಿದನು. ಕೊಂದದ್ದು ಹಿಟ್ಟು, ಕಟ್ಟಿದ್ದು ಸಂಕಲ್ಪಹಿಂಸೆಯ ಕರ್ಮ. ಅದು ತಾಯಿಮಕ್ಕಳನ್ನು ನವಿಲು-ನಾಯಿಗಳಿಂದ ಮೊದಲುಗೊಂಡು ಜನ್ಮಜನ್ಮಗಳಲ್ಲಿ ತಿರುಗಿಸಿತು.

ಚಲನಚಿತ್ರಗಳು ಈ ನಡುವಣ ಅವಕಾಶವನ್ನು ಏನು ಮಾಡಿವೆ? ಜಪಾನಿನ ಕುರೊಸಾವಾ 1957ರಲ್ಲಿ ತೆಗೆದ ‘ಥ್ರೋನ್ ಆಫ್ ಬ್ಲಡ್’ ಕಲೆಯಲ್ಲಿ ಬಹು ಎತ್ತರದ್ದು. ಆದರೆ ಅಲ್ಲಿ ಬ್ಯಾಂಕೋನ ಸ್ಥಾನದ ಮಿಕಿ ಕೊಲೆಗಾರನಿಗೆ ಕೋಟೆಯ ಬಾಗಿಲು ತೆರೆದು ಅವನನ್ನೇ ಒಡೆಯನನ್ನಾಗಿಸಲು ನೆರವಾಗುತ್ತಾನೆ. ಪ್ರತಿರೋಧಿಸಿದ ಒಬ್ಬನನ್ನು ತೆಗೆದುಹಾಕಿದ ಮೇಲೆ ಚಿತ್ರದಲ್ಲಿ ಉಳಿಯುವುದು ಮಂಜು ಮುಸುಕಿದ ವಿಧಿಯೇ. ಪೊಲಾನ್ಸ್ಕಿಯ 1971ರ ಚಿತ್ರವೂ ಅದೇ ದಾರಿ ಹಿಡಿಯಿತು: ಕೊನೆಯಲ್ಲಿ ಹೊಸ ದೊರೆಯ ತಮ್ಮ ಡೊನಾಲ್‌ಬೇನ್ ತಾನೂ ಮಾಟಗಾತಿಯರನ್ನು ಅರಸಿ ಹೋಗುತ್ತಾನೆ. ಇದು ಮೂಲದಲ್ಲಿಲ್ಲ. ಆದರೆ ನಾಟಕದಲ್ಲಿ ತೆರೆಮರೆಯಲ್ಲಿ ನಡೆಯುವ ಕೊಲೆಯನ್ನು ಪೊಲಾನ್ಸ್ಕಿ ಕಣ್ಣೆದುರಿಗೇ ತರುತ್ತಾನೆ. ಡಂಕನ್ ಎಚ್ಚೆತ್ತು, ಮೇಲೆ ಬಾಗಿದವನ ಹೆಸರು ಹಿಡಿಯುತ್ತಾನೆ. ಆ ಒಂದು ಕ್ಷಣದಲ್ಲಿ ಕತ್ತಿ ಇನ್ನೂ ಇಳಿದಿಲ್ಲ. ನೋಡುವುದು ಕಷ್ಟ, ಆದರೂ ಇಡೀ ಚಿತ್ರದಲ್ಲಿ ನಿಯತಿವಾದವನ್ನು ಸುಳ್ಳುಮಾಡುವುದು ಆ ಕ್ಷಣವೇ.

ವಿಶಾಲ್ ಭಾರದ್ವಾಜರ ಹಿಂದೀ ಚಿತ್ರ ‘ಮಕ್ಬೂಲ್’ 2003ರದು. ಕಥೆ ಮುಂಬಯಿಯ ಪಾತಕಿಗಳ ಕೂಟಕ್ಕೆ ಬಂದಿದೆ. ಮಾಟಗಾತಿಯರ ಬದಲು ಜಾತಕದ ಕುಂಡಲಿ ಬರೆಯುವ ಇಬ್ಬರು ಪೊಲೀಸರಿದ್ದಾರೆ. ಭವಿಷ್ಯ ಹೇಳುವವರೇ ಅದು ನಡೆಯುವಂತೆ ಕೈಯಾಡಿಸುವವರೂ ಹೌದು. ಜ್ಯೋತಿಷಿಯ ಮನೆಗೆ ಮೊದಲು ಹೋಗಿ ಬಸದಿಗೆ ಆಮೇಲೆ ಹೋಗುವ ಶ್ರಾವಕರು ಈ ವ್ಯಂಗ್ಯವನ್ನು ಗಮನಿಸಬಹುದು. ಅಂತ್ಯ ಮಾತ್ರ ಮೂಲಕ್ಕಿಂತ ತೀರ ಬೇರೆ. ಮ್ಯಾಕ್‌ಬೆತ್ ಕೊನೆಯವರೆಗೂ ಕತ್ತಿ ಹಿಡಿದೇ ಸಾಯುವನು. ಮಕ್ಬೂಲನು ಎಲ್ಲವನ್ನೂ ಕಳೆದುಕೊಂಡು, ಹೊಸದಾಗಿ ಹುಟ್ಟಿದ ಮಗುವನ್ನು ಒಯ್ಯಲು ಪಿಸ್ತೂಲಿನೊಡನೆ ಆಸ್ಪತ್ರೆಗೆ ಹೋಗುತ್ತಾನೆ. ಅಲ್ಲಿ ತನ್ನ ಶತ್ರುಗಳಾದ ತರುಣ ದಂಪತಿಗಳು ಆ ಮಗುವನ್ನು ಪ್ರೀತಿಯಿಂದ ಎತ್ತಿಕೊಂಡಿರುವುದು ಕಾಣುತ್ತದೆ. ಅವನು ಸ್ವಲ್ಪ ಹೊತ್ತು ನೋಡುತ್ತಾನೆ, ಪಿಸ್ತೂಲನ್ನು ಕೆಳಗೆ ಬಿಡುತ್ತಾನೆ, ಹೊರಗೆ ನಡೆಯುತ್ತಾನೆ. ಹೊರಗೆ ಕಾದಿದ್ದವನ ಗುಂಡು ತಗುಲಿ ಬೀಳುತ್ತಾನೆ. ಗುಂಡು ಹಳೆಯ ಲೆಕ್ಕದ್ದು. ಪಿಸ್ತೂಲನ್ನು ಕೆಳಗಿಟ್ಟದ್ದು ಯಾವ ಪೊಲೀಸನ ಕುಂಡಲಿಯಲ್ಲಿಯೂ ಬರೆದಿರಲಿಲ್ಲ.